ಅಪ್‌ಡೇಟ್: ಒತ್ತಕ್ಷರ ಕತ್ತರಿಸಿ ಹೋಗುತ್ತಿದ್ದ ಉಪ್ಪಿನಕಾಯಿ ವೆಬ್‌ಸೈಟ್

ಶಿರಸಿಯ ನಮ್ಮ ಚಿಕ್ಕಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡುತ್ತಾ ವೆಬ್ ಡಿಸೈನ್ ಕಲಿಯುತ್ತಿದ್ದೇನೆ, ಮೊಬೈಲ್‌ನಲ್ಲಿ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿ ಕಾಣುತ್ತದೆ, ಪೇಜ್ ಕೂಡ ನಿಧಾನ ಅಂತ ಕೇಳಿದ್ದೆನಲ್ಲ. ಎರಡೂ ಸರಿಹೋದವು.

ಒತ್ತಕ್ಷರದ ವಿಷಯ ನೀವು ಹೇಳಿದಂತೆಯೇ ಇತ್ತು. ನಾನು ಬಳಸಿದ ಸಿದ್ಧ ಟೆಂಪ್ಲೇಟ್‌ನಲ್ಲಿ ಹೆಡಿಂಗ್‌ಗೆ ಲೈನ್-ಹೈಟ್ (ಸಾಲಿನ ಎತ್ತರ, ಅಕ್ಷರದ ಅಳತೆಯ ಎಷ್ಟು ಪಟ್ಟು ಅಂತ) 1.1, ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಚೌಕಟ್ಟಿನಿಂದ ಹೊರಬಂದದ್ದನ್ನು ಮರೆಮಾಡು ಎಂಬ ಸೆಟ್ಟಿಂಗ್. ಇಂಗ್ಲಿಷ್‌ಗೆ ಅಷ್ಟು ಸಾಕು. ನಮ್ಮ ‘ಪ್ಪೆ’ಗೆ ಕೆಳಗೆ ಜಾಗ ಬೇಕಲ್ವಾ? 1.6 ಮಾಡಿ, ಹಿಡನ್ ತೆಗೆದೆ. ಫಾಂಟ್ ನೋಟೋ ಸಾನ್ಸ್ ಕನ್ನಡ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಹೆಚ್ಚುವರಿ ಜಾಗ) ಸೊನ್ನೆ ಮಾಡಿದ ಮೇಲೆ ಅಕ್ಷರಗಳು ಹೊಂದಿಕೊಂಡು ಕೂತವು.

ನಿಧಾನಕ್ಕೆ ಕಾರಣ ಫೋಟೋಗಳು. ಫೋನಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ ಭರಣಿ ಚಿತ್ರವನ್ನು 800ಕ್ಕೆ ಇಳಿಸಿ, ಫೈಲ್ ಚಿಕ್ಕದಾಗುವ ವೆಬ್‌ಪಿ ಫಾರ್ಮ್ಯಾಟ್‌ಗೆ ಬದಲಾಯಿಸಿದೆ. ಪೇಜ್‌ನ ಕೆಳಗಿರುವ ಚಿತ್ರಗಳಿಗೆ ಲೇಜಿ ಲೋಡಿಂಗ್, ಅಂದರೆ ಅಲ್ಲಿಗೆ ಸ್ಕ್ರಾಲ್ ಮಾಡಿದಾಗಲೇ ಲೋಡ್ ಆಗುತ್ತವೆ.

ಶಾಪಿಂಗ್ ಕಾರ್ಟ್ ಬೇಡ, ವಾಟ್ಸಾಪ್ ಬಟನ್ ಸಾಕು ಎಂದವರಿಗೆ ದೊಡ್ಡ ಥ್ಯಾಂಕ್ಸ್. ಬಟನ್‌ನ ಲಿಂಕ್‌ನಲ್ಲಿ ನಂಬರಿಗೆ ಮೊದಲು ದೇಶದ ಕೋಡ್ 91 ಬೇಕು, ಪ್ಲಸ್ ಚಿಹ್ನೆ ಬೇಡ. ಒತ್ತಿದರೆ ‘ಅರ್ಧ ಕೆಜಿ ಮಿಡಿ ಬೇಕಿತ್ತು’ ಎಂಬ ಮೆಸೇಜ್ ಮೊದಲೇ ತುಂಬಿರುತ್ತದೆ, ಕಳಿಸಿದರೆ ಆಯಿತು. ಚಿಕ್ಕಮ್ಮನಿಗೆ ಹಿಡಿಸಿದ್ದು ಇದೊಂದೇ. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ತೋರಿಸಿದರೆ "ಲೈಟ್ ಹಾಕೋ ಮಾರಾಯ" ಎಂದರು!

ಫುಟರ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಹಾಕಿದ್ದೇನೆ. ಸದ್ಯ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. ವೆಬ್‌ಸೈಟನ್ನು ಇಂಟರ್‌ನೆಟ್‌ಗೆ ಹಾಕಲು ಗಿಟ್‌ಹಬ್ ಪೇಜಸ್ ಎಂಬ ಸೇವೆ ಪುಕ್ಕಟೆ ನಿಜ, ಆದರೆ ಅದರಲ್ಲಿ ವ್ಯಾಪಾರ ನಡೆಸಲು ಅವರ ನಿಯಮ ಬಿಡುವುದಿಲ್ಲ. ಜಾಸ್ತಿ ದುಡ್ಡು ಕೇಳದ ಹೋಸ್ಟಿಂಗ್ ಯಾವುದಾದರೂ ಇದ್ದರೆ ಹೇಳಿ.