ಮಾತಿಲ್ಲದ ಗೊಂಬೆಯಾಟಕ್ಕೆ ಹಿನ್ನೆಲೆ ನಿರೂಪಣೆ ಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಗೊಂಬೆ ಮತ್ತು ನೆರಳನ್ನು ಬಳಸಿ ರಂಗಪ್ರಯೋಗ ಮಾಡುತ್ತಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಮನೆ ಬಿಟ್ಟು ಹೊರಟ ಅಜ್ಜಿಯೊಬ್ಬಳ ಕಥೆಯನ್ನು, ಒಂದೂ ಮಾತಿಲ್ಲದೆ, 40 ನಿಮಿಷಗಳಲ್ಲಿ ತೋರಿಸುತ್ತೇವೆ. ಬೆತ್ತ ಮತ್ತು ಕಾಗದದ ಅಜ್ಜಿಯನ್ನು ಇಬ್ಬರು ಆಡಿಸುತ್ತೇವೆ. ಮನೆ ಮುಳುಗುವುದು ಪಕ್ಕದ ಪರದೆಯ ಮೇಲೆ ನೆರಳಾಗಿ ಬರುತ್ತದೆ. ಈಚೆಗೆ ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಆಟ ಮುಗಿದ ಮೇಲೆ ಹಿರಿಯರೊಬ್ಬರು, “ಗೊಂಬೆಗೆ ಜೀವವಿದೆ, ಆದರೆ ಅವಳು ಯಾಕೆ ಹೊರಟಳೆಂದು ತಿಳಿಯಲಿಲ್ಲ” ಎಂದರು. ಮುಳುಗಡೆಯನ್ನು ಕಣ್ಣಾರೆ ಕಂಡವರೇ ಹಾಗೆಂದದ್ದು ನನ್ನನ್ನು ಕಾಡುತ್ತಿದೆ. ಧ್ವನಿಮುದ್ರಿತ ನಿರೂಪಣೆ ಸೇರಿಸಬೇಕೇ? ನೆರಳಿನ ಅಂಚು ಎರಡೆರಡಾಗಿ ಕಾಣುವುದಕ್ಕೂ ಪರಿಹಾರವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ನಿರೂಪಣೆ ಸೇರಿಸುವ ಮೊದಲು ಒಂದನ್ನು ಗಮನಿಸಿ: ನಿಮ್ಮ ಅಜ್ಜಿ ನೀರನ್ನು ನೋಡುತ್ತಾಳೆಯೇ? ಜಪಾನಿನ ಬುನ್ರಾಕು ಎಂಬ ಗೊಂಬೆಯಾಟದಲ್ಲಿ ಒಬ್ಬರು ಗೊಂಬೆಯ ತಲೆ ಮತ್ತು ಬಲಗೈಯನ್ನೂ, ಇನ್ನೊಬ್ಬರು ಎಡಗೈಯನ್ನೂ, ಮತ್ತೊಬ್ಬರು ಕಾಲುಗಳನ್ನೂ ಆಡಿಸುತ್ತಾರೆ. ಮೂವರು ಎದುರಿಗೇ ನಿಂತಿದ್ದರೂ ಪ್ರೇಕ್ಷಕರ ಕಣ್ಣು ಗೊಂಬೆ ನೋಡುವ ಕಡೆಗೇ ಹೋಗುತ್ತದೆ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿಗಾಗಿ ಕುದುರೆಯ ಗೊಂಬೆಗಳನ್ನು ಮಾಡಿದ ಕೇಪ್‌ಟೌನಿನ ಹ್ಯಾಂಡ್‌ಸ್ಪ್ರಿಂಗ್ ತಂಡದವರು ಗೊಂಬೆಯ ಉಸಿರಾಟವನ್ನೇ ಅಭಿನಯದ ಮೂಲವೆಂದು ಹಿಡಿದಿದ್ದಾರೆ. ನಿಮ್ಮಲ್ಲಿ ಅಜ್ಜಿ ಒಂದು ಕಡೆ, ನೀರು ಇನ್ನೊಂದು ಕಡೆ; ಅವಳ ನೋಟ ಎರಡನ್ನೂ ಕೂಡಿಸದಿದ್ದರೆ ಕಾರಣ ಕಾಣುವುದಿಲ್ಲ. ನೆರಳಿನ ನೀರು ಹೊಸ್ತಿಲಿಗೆ ಬರಲಿ, ಅಜ್ಜಿ ಉಸಿರು ಹಿಡಿದು ನೋಡಲಿ, ಅಕ್ಕಿಯ ಮಡಕೆಯನ್ನು ಜಗಲಿಗೆ ಎತ್ತಿಡಲಿ. ಮರುದಿನ ಜಗಲಿಯಿಂದ ಅಟ್ಟಕ್ಕೆ. ಮೂರನೆಯ ದಿನ ಇಡಲು ಜಾಗವಿರಬಾರದು.

ಉತ್ತರ 2:
ನೆರಳಿನ ತೊಂದರೆ ದೀಪದಿಂದಲೇ ಬರುತ್ತಿರಬೇಕು. ಹಲವು ಎಲ್‌ಇಡಿ ಬಿಂದುಗಳಿರುವ ದೀಪವಾದರೆ ಒಂದೊಂದು ಬಿಂದುವೂ ಒಂದೊಂದು ನೆರಳು ಬೀಳಿಸುತ್ತದೆ. ಒಳಗೆ ಉರಿಯುವ ತಂತಿ ಚಿಕ್ಕದಾಗಿರುವ ಒಂದೇ ಬಲ್ಬನ್ನು ಬಳಸಿ, ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯಿರಿ. ತೊಗಲು ಗೊಂಬೆಯಾಟದಲ್ಲಿ ಬೆಳಕು ಹಾಯುವಷ್ಟು ತೆಳುವಾಗಿ ಚರ್ಮವನ್ನು ಹದಮಾಡುವುದರಿಂದಲೇ ಬಣ್ಣಗಳೂ ಪರದೆಯ ಮೇಲೆ ಮೂಡುತ್ತವೆ. ಅಲ್ಲಿ ರಾಜರ ಮತ್ತು ದೇವರ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು. ತೆರವಿನ ನೋಟಿಸು ತರುವ ಅಧಿಕಾರಿ ನಿಮ್ಮ ಕಥೆಯಲ್ಲಿದ್ದರೆ ಅವನ ನೆರಳಿನ ಅಳತೆಯೇ ಅವನ ಅಧಿಕಾರವನ್ನು ಹೇಳಬಲ್ಲದು.

ಉತ್ತರ 3:
ಮಾತನ್ನು ಪೂರ್ತಿಯಾಗಿ ಹೊರಗಿಡಬೇಕೆಂಬ ಹಟ ನಮ್ಮ ಪರಂಪರೆಯದಲ್ಲ ಎಂಬುದು ನನ್ನ ಅಭಿಪ್ರಾಯ. ತೊಗಲು ಗೊಂಬೆಯಾಟದ ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಪುರಾಣದ ಕಥೆಯ ನಡುವೆ ಬಂದು ನೋಡುಗರ ಭಾಷೆಯಲ್ಲೇ ಮಾತಾಡುತ್ತಾರೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಭಾಗವತರ ಹಾಡಿಲ್ಲದೆ ಗೊಂಬೆ ಹೆಜ್ಜೆಯಿಡದು. ಆದರೂ ಧ್ವನಿಮುದ್ರಣ ಬೇಡ, ಏಕೆಂದರೆ ಅದು ಗೊಂಬೆಯ ಉಸಿರಿಗೆ ಕಾಯುವುದಿಲ್ಲ. ರಂಗದ ಮೇಲೆಯೇ ಒಬ್ಬರು ಕುಳಿತು, ನೀರು ಏರಿದಂತೆಲ್ಲ ಮುಳುಗಿದ ಊರುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರೆ ಸಾಕು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಅಜ್ಜಿ ನೀರಿಗೆ ಬೆನ್ನು ಮಾಡಿಯೇ ಇರುತ್ತಾಳೆಂಬುದು ಈಗ ಹೊಳೆಯಿತು. ಹೊಸ್ತಿಲಿನ ದೃಶ್ಯವನ್ನು ಮೊದಲಿನಿಂದ ಕಟ್ಟುತ್ತೇವೆ. ಆ ಹಿರಿಯರನ್ನು ತಾಲೀಮಿಗೆ ಕರೆದು, ಊರುಗಳ ಹೆಸರುಗಳನ್ನು ಅವರಿಂದಲೇ ಬರೆದುಕೊಳ್ಳುತ್ತೇನೆ.