ಬೆರಳು ಕತ್ತರಿಸಿಕೊಂಡವನನ್ನು ಕಂಡು ಅರ್ಧ ಸಭೆ ನಕ್ಕಿತು, ಅರ್ಧ ಸಭೆ ಸಿಟ್ಟಾಯಿತು: ಇದನ್ನು ಹಾಸ್ಯಚಿತ್ರವೆನ್ನುವುದು ಹೇಗೆ?

ಕುವೆಂಪುನಗರದ ಪ್ರೇಕ್ಷಕ:

ಕಳೆದ ಭಾನುವಾರ ಸಂಜೆ ಸರಸ್ವತಿಪುರಂನ ಸ್ನೇಹಿತರೊಬ್ಬರ ಮನೆಯ ತಾರಸಿಯ ಮೇಲೆ ಹದಿನೆಂಟು ಜನ ಸೇರಿ, ಗೋಡೆಗೆ ಬಿಳಿಯ ಪಂಚೆ ಬಿಗಿದು, 2022ರಲ್ಲಿ ತೆರೆಕಂಡ 'ದಿ ಬ್ಯಾನ್ಶೀಸ್ ಆಫ್ ಇನಿಶೆರಿನ್' ಎಂಬ ಐರಿಷ್ ಚಿತ್ರವನ್ನು ನೋಡಿದೆವು. ಎರಡು ಗಂಟೆಗೂ ಕಡಿಮೆ ಅವಧಿಯ ಈ ಚಿತ್ರ ಮುಗಿಯುವಷ್ಟರಲ್ಲಿ ನಮ್ಮಲ್ಲಿ ಎರಡು ಪಂಗಡಗಳಾಗಿದ್ದವು. ಕೆಳಗಿಳಿದು ಕಾಫಿ ಕುಡಿಯುವಾಗ ಒಂದು ಪಂಗಡದವರು ಇನ್ನೊಂದು ಪಂಗಡದವರ ಮುಖ ನೋಡಲಿಲ್ಲ ಎಂದರೆ ಅತಿಶಯೋಕ್ತಿಯಾದೀತು, ಆದರೆ ತೀರ ಸುಳ್ಳೂ ಆಗದು. ಕಥೆಯನ್ನು ಬಿಡಿಸಿ ಹೇಳದೆ ನನ್ನ ಪ್ರಶ್ನೆಯನ್ನು ಕೇಳಲಾಗದು; ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಕಾಲ 1923. ಐರ್ಲೆಂಡಿನ ಪಶ್ಚಿಮ ತೀರದಾಚೆಯ ಒಂದು ಕಾಲ್ಪನಿಕ ದ್ವೀಪ. ದಿನವೂ ಮಧ್ಯಾಹ್ನ ಎರಡು ಗಂಟೆಗೆ ಗೆಳೆಯನನ್ನು ಕರೆದುಕೊಂಡು ಪಬ್ಬಿಗೆ ಹೋಗುವ ಪಾಡ್ರಿಕ್ ಒಂದು ದಿನ ಬಾಗಿಲು ತಟ್ಟಿದರೆ, ಒಳಗೆ ಸಿಗರೇಟು ಸೇದುತ್ತ ಕುಳಿತ ಕಾಲಮ್ ತಿರುಗಿಯೂ ನೋಡುವುದಿಲ್ಲ. ಆದದ್ದೇನೆಂದು ಕೇಳಿದರೆ, ನೀನು ನನಗೆ ಇನ್ನು ಬೇಡವಾಗಿದ್ದೀಯೆ ಎಂಬಷ್ಟೇ ಉತ್ತರ. ಉಳಿದಿರುವ ಆಯುಷ್ಯವನ್ನು ಪಿಟೀಲಿನಲ್ಲಿ ಹೊಸ ಮಟ್ಟುಗಳನ್ನು ಕಟ್ಟುವುದಕ್ಕೆ ಮೀಸಲಿಡುತ್ತೇನೆ, ನಿನ್ನ ಕತ್ತೆಯ ಲದ್ದಿಯಲ್ಲಿ ಸಿಕ್ಕಿದ್ದರ ಬಗ್ಗೆ ಎರಡು ಗಂಟೆ ಕೇಳುತ್ತ ಕೂರಲಾರೆ ಎನ್ನುತ್ತಾನೆ. ಅದು ಕತ್ತೆಯದಲ್ಲ, ಗಿಡ್ಡ ಕುದುರೆಯದು, ನೀನು ಎಷ್ಟು ಗಮನವಿಟ್ಟು ಕೇಳುತ್ತಿದ್ದೆ ಎಂಬುದು ಇದರಿಂದಲೇ ತಿಳಿಯುತ್ತದೆ ಎಂದು ಪಾಡ್ರಿಕ್ ತಿದ್ದುತ್ತಾನೆ. ಇಲ್ಲಿಯವರೆಗೆ ಹದಿನೆಂಟು ಜನವೂ ನಕ್ಕೆವು.

ಆಮೇಲೆ ಕಾಲಮ್ ಎಚ್ಚರಿಕೆ ಕೊಡುತ್ತಾನೆ: ನೀನು ನನ್ನನ್ನು ಮಾತನಾಡಿಸಿದಾಗಲೆಲ್ಲ ನನ್ನದೇ ಒಂದು ಬೆರಳನ್ನು ಕತ್ತರಿಸಿ ನಿನಗೆ ಕೊಡುತ್ತೇನೆ. ಹೇಳಿದಂತೆಯೇ ಮಾಡುತ್ತಾನೆ. ಪಾಡ್ರಿಕ್ಕನ ಮನೆಯ ಬಾಗಿಲಿಗೆ ಏನೋ ಧಪ್ಪೆಂದು ಬಡಿದು ಕೆಳಗೆ ಬೀಳುತ್ತದೆ. ಆ ಸದ್ದಿಗೆ ಮುಂದಿನ ಚಾಪೆಯಲ್ಲಿ ಕುಳಿತಿದ್ದ ಹುಡುಗರು ಗೊಳ್ಳೆಂದು ನಕ್ಕರು. ನನ್ನ ಪಕ್ಕದವರು ಬಾಯಿಗೆ ಒಯ್ಯುತ್ತಿದ್ದ ಚುರುಮುರಿಯನ್ನು ಮತ್ತೆ ಪೊಟ್ಟಣಕ್ಕೆ ಸುರಿದರು. ಎಪ್ಪತ್ತು ದಾಟಿರುವ ನನ್ನ ತಾಯಿಯವರು ಹಿಂದಿನಿಂದ ಗಟ್ಟಿಯಾಗಿಯೇ, "ಅಯ್ಯೋ, ನಗಬೇಡ್ರಪ್ಪ" ಎಂದರು. ಆ ಬೆರಳುಗಳಲ್ಲೊಂದು ಗಂಟಲಿಗೆ ಸಿಕ್ಕಿ ಜೆನ್ನಿ ಎಂಬ ಪುಟ್ಟ ಕತ್ತೆ ಸತ್ತಾಗ ಅವರು ಎದ್ದು ನೀರಿನ ಟ್ಯಾಂಕಿನ ಮಗ್ಗುಲಿಗೆ ಹೋಗಿ ನಿಂತುಬಿಟ್ಟರು.

ಇದೇ ಚಿತ್ರಕ್ಕೆ 2023ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಂದದ್ದು 'ಸಂಗೀತ ಅಥವಾ ಹಾಸ್ಯ' ವಿಭಾಗದ ಅತ್ಯುತ್ತಮ ಚಿತ್ರವೆಂದು. ಅದೇ ವರ್ಷ ಆಸ್ಕರಿಗೆ ಒಂಬತ್ತು ನಾಮನಿರ್ದೇಶನಗಳು ದೊರೆತು ಒಂದೂ ಪ್ರಶಸ್ತಿಯಾಗಲಿಲ್ಲ. ಹಾಗಾದರೆ ನಮ್ಮ ತಾರಸಿಯ ಮೇಲೆ ಮಾತ್ರವಲ್ಲ, ಎಲ್ಲ ಕಡೆಯೂ ಜನ ಹೀಗೆ ಒಡೆದುಹೋದರೆಂದು ಕಾಣುತ್ತದೆ. ನಕ್ಕವರು ಕಲ್ಲುಮನಸ್ಸಿನವರೇ, ಅಥವಾ ನಗದವರಿಗೆ ಚಿತ್ರದ ಧಾಟಿ ತಿಳಿಯಲಿಲ್ಲವೇ? ನಾನು ಎರಡನ್ನೂ ಒಪ್ಪಲಾರದೆ ಕುಳಿತಿದ್ದೇನೆ.

ಹಿಂದಿನ ಸಾಲು:

ನಾನು ಮೂವತ್ತು ವರ್ಷಗಳಿಂದ ಮೈಸೂರಿನಲ್ಲಿ ನಾಟಕ ನೋಡುತ್ತ ಬಂದವನು; ರಂಗಾಯಣದ ಭೂಮಿಗೀತದಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ನಗು ಯಾವ ಸಾಲಿನಿಂದ ಹುಟ್ಟಿ ಎಲ್ಲಿಯವರೆಗೆ ಹರಡುತ್ತದೆ ಎಂದು ಗಮನಿಸುವುದು ನನ್ನ ಚಪಲ. ಒಬ್ಬನೇ ಕುಳಿತು ಫೋನಿನಲ್ಲಿ ಈ ಚಿತ್ರ ನೋಡಿದಾಗ ನಾನು ಎರಡೋ ಮೂರೋ ಬಾರಿ ನಕ್ಕಿರಬಹುದು. ಗೆಳೆಯರೊಂದಿಗೆ ನೋಡಿದಾಗ ಹೊಟ್ಟೆ ಹುಣ್ಣಾಯಿತು. ಆದ್ದರಿಂದ ನಗುವಿನ ಎಣಿಕೆಯಿಂದ ಮನಸ್ಸಿನ ಕಾಠಿಣ್ಯವನ್ನು ಅಳೆಯಲು ಹೋಗಬೇಡಿ.

ಇದನ್ನು ಬರೆದು ನಿರ್ದೇಶಿಸಿದ ಮಾರ್ಟಿನ್ ಮೆಕ್‌ಡೊನಾ ಮೂಲತಃ ನಾಟಕಕಾರ ಎಂಬುದನ್ನು ಮರೆಯಬಾರದು. ಪಾಡ್ರಿಕ್ ಆಗಿರುವ ಕಾಲಿನ್ ಫ್ಯಾರೆಲ್, ಕಾಲಮ್ ಆಗಿರುವ ಬ್ರೆಂಡನ್ ಗ್ಲೀಸನ್ ಇಬ್ಬರನ್ನೂ ಇಟ್ಟುಕೊಂಡು 2008ರಲ್ಲಿ ಆತ ಮಾಡಿದ್ದ ಚಿತ್ರದಲ್ಲಿಯೂ ಸಾವು, ನಗು ಜೊತೆಜೊತೆಗೇ ಇದ್ದವು, ಆದರೆ ಅಲ್ಲಿ ಕೈಯಲ್ಲಿ ಬಂದೂಕು ಹಿಡಿದವರಿದ್ದರು, ಓಡಾಟವಿತ್ತು. ಅದೇ ಜೋಡಿ ಎಂದು ನಂಬಿ ಬಂದವರಿಗೆ ಇಲ್ಲಿ ಸಿಕ್ಕಿದ್ದು ಒಂದು ಪಬ್ಬು, ಕಲ್ಲಿನ ಗೋಡೆಗಳು ಮತ್ತು ಕೊನೆಯಿಲ್ಲದ ಕಡಲು. ಪ್ರೇಕ್ಷಕರ ಅರ್ಧ ಸಿಟ್ಟು ಇಲ್ಲಿಯದೇ.

ನಗು ಹುಟ್ಟುವುದು ಬೆರಳಿನಿಂದಲ್ಲ, ಮಾತಿನ ಲಯದಿಂದ. ಪಾಡ್ರಿಕ್ ಎಲ್ಲಿ ಹೋದರೂ, ಪಬ್ಬಿನವನಿಂದ ಹಿಡಿದು ತಂಗಿಯವರೆಗೆ, ಎಲ್ಲರದೂ ಒಂದೇ ಪ್ರಶ್ನೆ: ನಿಮ್ಮಿಬ್ಬರಿಗೂ ಜಗಳವಾಯಿತೇ? ಅವನು ಪ್ರತಿ ಬಾರಿಯೂ, ಜಗಳವಾಗಿಲ್ಲವೆಂದು ತೋರುತ್ತದೆ, ಆಗಿದೆಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಬೆರಳು ಕತ್ತರಿಸುವ ಬೆದರಿಕೆಯೂ ಬರುವುದು ಇದೇ ಸಾವಧಾನದ, ಮರ್ಯಾದೆಯ ಧಾಟಿಯಲ್ಲಿ, ನಾಳೆ ಹಾಲು ಬೇಡ ಎಂದು ಹೇಳುವಂತೆ. ಕುಡಿದ ಪಾಡ್ರಿಕ್ ತುಂಬಿದ ಪಬ್ಬಿನಲ್ಲಿ ಕಾಲಮ್‌ನನ್ನು ಬಾಯಿಗೆ ಬಂದಂತೆ ಅಂದಾಗ, ಇಷ್ಟು ವರ್ಷಗಳಲ್ಲಿ ಇವನು ಆಡಿದ ಸ್ವಾರಸ್ಯದ ಮಾತೆಂದರೆ ಇದೇ, ಈಗ ಮತ್ತೆ ಇಷ್ಟವಾಗುತ್ತಿದ್ದಾನೆ ಎಂದು ಕಾಲಮ್ ಹೇಳುತ್ತಾನಲ್ಲ, ಅಲ್ಲಿ ನಗದವರನ್ನು ನಾನು ಇನ್ನೂ ಕಂಡಿಲ್ಲ.

ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿ ರಸಗಳೆಂದು ನಮ್ಮ ಅಲಂಕಾರಶಾಸ್ತ್ರದವರು ಹೇಳಿದ್ದಾರೆ. ನಿಮ್ಮ ತಾಯಿಯವರ ಎಚ್ಚರಿಕೆಯಲ್ಲಿ ಆ ಶಾಸ್ತ್ರವೇ ಇದೆ. ಒಂದು ಪಾತ್ರೆಯಲ್ಲಿ ಹಾಲನ್ನೂ ಹುಳಿಯನ್ನೂ ಹಾಕಬಾರದೆಂದು ತಿಳಿದವರು ಅವರು. ಚಿತ್ರಕಾರ ಬೇಕೆಂದೇ ಹಾಕಿದ್ದಾನೆ. ಒಡೆದ ಹಾಲು ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಒಗ್ಗದು, ಅದರಲ್ಲಿ ಅಪರಾಧವೇನೂ ಇಲ್ಲ.

ವಿಜಯನಗರ ಎರಡನೇ ಹಂತ:

ಹಿಂದಿನ ಸಾಲಿನವರ ವಿವರಣೆ ಚೆನ್ನಾಗಿದೆ, ಆದರೆ ಚಿತ್ರವನ್ನು ಇಷ್ಟಪಡದವರೆಲ್ಲ ರಸದ ಕಟ್ಟುಪಾಡಿಗೆ ಸಿಕ್ಕಿಬಿದ್ದವರು ಎಂಬ ಅರ್ಥ ಬರುವಂತೆ ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ನನಗೆ ಈ ಚಿತ್ರ ಹಿಡಿಸಲಿಲ್ಲ, ಅದಕ್ಕೆ ಕಾರಣ ರಕ್ತವಲ್ಲ.

ಆ ಊರಿನವರನ್ನು ಒಮ್ಮೆ ನೋಡಿ: ಪರರ ಕಾಗದ ಒಡೆದು ಓದುವ ಅಂಗಡಿಯವಳು, ತಪ್ಪೊಪ್ಪಿಗೆಯ ಪೆಟ್ಟಿಗೆಯೊಳಗೇ ಬೈದಾಡುವ ಪಾದ್ರಿ, ಮಗನನ್ನು ಹಿಂಸಿಸುವ ಪೊಲೀಸಿನವನು, ಸಾವಿನ ಶಕುನ ನುಡಿಯುತ್ತ ದಾರಿಯಲ್ಲಿ ನಿಲ್ಲುವ ಮುದುಕಿ. ಓದುವ, ಯೋಚಿಸುವ ಒಬ್ಬಳೇ ಹೆಣ್ಣುಮಗಳು ಪಾಡ್ರಿಕ್ಕನ ತಂಗಿ ಶಿವಾನ್ (ಬರೆಯುವುದು ಬೇರೆ ರೀತಿ, ಆದರೆ ಉಚ್ಚಾರ ಹೀಗೆಯೇ, ನಮ್ಮ ಮನೆಯಲ್ಲಿ ಎಲ್ಲರೂ ಯಾವುದೋ ನೆಂಟರ ಹುಡುಗಿಯೆಂಬಂತೆ ಕರೆಯತೊಡಗಿದರು). ಅವಳೂ ಪುಸ್ತಕಾಲಯದ ಕೆಲಸ ಹಿಡಿದು ದ್ವೀಪ ಬಿಟ್ಟುಹೋಗುತ್ತಾಳೆ. ಹಳ್ಳಿಯೆಂದರೆ ಪೆದ್ದರು ಮತ್ತು ಕ್ರೂರಿಗಳ ಬೀಡು ಎಂಬ ಹಳೆಯ ಚಿತ್ರವೇ ಇದು ಎಂದು ಐರ್ಲೆಂಡಿನಲ್ಲಿಯೇ ಹಲವರು ಆಕ್ಷೇಪಿಸಿದ್ದಾರೆ. ಮೆಕ್‌ಡೊನಾ ಐರಿಷ್ ತಂದೆತಾಯಿಗಳ ಮಗನಾದರೂ ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ ಎಂಬುದೂ ಆ ಆಕ್ಷೇಪಕ್ಕೆ ಸೇರಿಕೊಳ್ಳುತ್ತದೆ. ನಮ್ಮ ಸಿನಿಮಾಗಳಲ್ಲಿ ಮಂಡ್ಯದ ಮಾತನ್ನು ಬರೀ ನಗಿಸುವುದಕ್ಕೆಂದೇ ತುರುಕಿದಾಗ ಮಂಡ್ಯದವರಿಗೆ ಆಗುವ ಕಸಿವಿಸಿಯನ್ನು ನೆನೆದುಕೊಂಡರೆ ಇದು ಅರ್ಥವಾಗುತ್ತದೆ.

ಇನ್ನು ಆ ಪೊಲೀಸಿನವನ ಮಗ ಡೊಮಿನಿಕ್. ಬ್ಯಾರಿ ಕಿಯೋಗನ್ ಆ ಹುಡುಗನನ್ನು ಎಷ್ಟು ಮನಮುಟ್ಟುವಂತೆ ಮಾಡಿದ್ದಾನೆಂದರೆ (ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ತಾದಲ್ಲಿ ಪೋಷಕ ನಟನ ಪ್ರಶಸ್ತಿ ಅವನಿಗೇ ಬಂತು), ಅವನನ್ನು ಕೊನೆಯಲ್ಲಿ ನೀರಿನ ಪಾಲು ಮಾಡಿ, ಎರಡು ನಿಮಿಷದಲ್ಲಿ ಮರೆತು, ಮತ್ತೆ ಆ ಇಬ್ಬರು ಗಂಡಸರ ಹಟದ ಕಡೆಗೆ ಹೊರಳುವ ಚಿತ್ರವನ್ನು ನಾನು ಕ್ಷಮಿಸಲಾರೆ. ದಡದಾಚೆ ಅಂತರ್ಯುದ್ಧದ ಗುಂಡಿನ ಸದ್ದು ಕೇಳಿಸಿದ ಕೂಡಲೆ, ನಿನ್ನೆಯ ಸಂಗಡಿಗರು ಇಂದಿನ ಶತ್ರುಗಳಾದರೆಂಬ ಹೋಲಿಕೆ ಯಾರಿಗಾದರೂ ಹೊಳೆಯುತ್ತದೆ; ಹೊಳೆದ ಮೇಲೆ ಅದು ಮುಂದಕ್ಕೆ ಬೆಳೆಯುವುದೇ ಇಲ್ಲ.

ನಾಲೆಯ ಏರಿ:

ಮಂಡ್ಯದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿ. ಈ ಚಿತ್ರವನ್ನು ನಾನು ನಮ್ಮ ತಂದೆಯವರ ಜೊತೆ, ಸಂಭಾಷಣೆಯನ್ನು ಅಷ್ಟಷ್ಟೇ ಕನ್ನಡಕ್ಕೆ ಹೇಳುತ್ತ ನೋಡಿದೆ. ಅವರಿಗೆ ಇದರಲ್ಲಿ ವಿಚಿತ್ರವೆನಿಸುವಂಥದ್ದೇನೂ ಕಾಣಲಿಲ್ಲ, ಏಕೆಂದರೆ ನಮ್ಮಲ್ಲಿ ಇದಕ್ಕೆ ಹೆಸರೇ ಇದೆ: ಮಾತು ಬಿಡುವುದು. ಮಕ್ಕಳು ಟೂ ಬಿಟ್ಟರೆ ಸಂಜೆಗೆ ಸರಿಹೋಗುತ್ತಾರೆ, ದೊಡ್ಡವರು ಮಾತು ಬಿಟ್ಟರೆ ಮೊಮ್ಮಕ್ಕಳ ಮದುವೆಯವರೆಗೂ ನಡೆಯುತ್ತದೆ.

ನಮ್ಮ ತಂದೆಯವರೂ ಪಕ್ಕದ ಗದ್ದೆಯ ಹಿರಿಯರೊಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು. ನೀರಿನ ಸರದಿಯ ಜಗಳವಿರಬೇಕೆಂದು ಊರವರು ತಿಳಿದಿದ್ದಾರೆ; ನಿಜವಾಗಿ ಯಾವ ಜಗಳವೂ ಆಗಿಲ್ಲ, ಒಂದು ದಿನ ಅವರು ಮಾತನಾಡಿಸಲಿಲ್ಲ, ಅಷ್ಟೇ. ಬೆಳಿಗ್ಗೆ ಆರೂವರೆಗೆ ಇಬ್ಬರೂ ಹಾಲಿನ ಡೈರಿಯ ಮುಂದೆ ನಿಲ್ಲುತ್ತಿದ್ದರು. ಸಾಲು ಮುಂದೆ ಸರಿದಾಗ ನಮ್ಮ ತಂದೆಯವರು ಕಾಲಿನಿಂದ ತಮ್ಮ ಕ್ಯಾನನ್ನು ಒತ್ತುತ್ತ, ಅದರ ಜೊತೆಗೆ ಅವರ ಕ್ಯಾನನ್ನೂ ಅರ್ಧ ಅಡಿ ಮುಂದಕ್ಕೆ ತಳ್ಳುತ್ತಿದ್ದರು. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಪೊಲೀಸಿನವನು ಪಾಡ್ರಿಕ್ಕನಿಗೆ ಹೊಡೆದು ಕೆಡವಿದಾಗ ಕಾಲಮ್ ತುಟಿ ಬಿಚ್ಚದೆ ಅವನನ್ನು ಎತ್ತಿ ಗಾಡಿಯ ಮೇಲೆ ಕೂರಿಸಿ, ದಾರಿ ಕವಲೊಡೆಯುವವರೆಗೆ ಲಗಾಮು ಹಿಡಿದು ನಡೆಸುವ ದೃಶ್ಯದಲ್ಲಿ ನಮ್ಮ ತಂದೆಯವರು ಫೋನಿನಿಂದ ಮುಖ ತಿರುಗಿಸಿಕೊಂಡರು. ಬೆರಳು ಬಾಗಿಲಿಗೆ ಬಡಿದಾಗ ಮಾತ್ರ ಜೋರಾಗಿ ನಕ್ಕು, "ಊರು ಬಿಟ್ಟು ಹೋಗೋಕೆ ಆಗದವನು ಇನ್ನೇನು ಮಾಡ್ತಾನೆ" ಎಂದರು. ಎಲ್ಲಿ ನಗುತ್ತಾರೋ, ಎಲ್ಲಿ ಮುಖ ತಿರುಗಿಸುತ್ತಾರೋ ನನಗೆ ಊಹಿಸಲಾಗಲಿಲ್ಲ.

ವಿಜಯನಗರದವರು ಹೇಳಿದ ಕಸಿವಿಸಿ ನಿಜ. ಆದರೆ ಇಲ್ಲಿ ಹಳ್ಳಿಯವರನ್ನು ಪೆದ್ದರೆಂದು ತೋರಿಸಿದ್ದಾರೆಂದು ನನಗೆ ಅನ್ನಿಸಲಿಲ್ಲ. ಬೇರೆ ಪಬ್ಬಿಲ್ಲದ, ಬೇರೆ ದಾರಿಯಿಲ್ಲದ ಊರಿನಲ್ಲಿ ಒಬ್ಬನನ್ನು ತಪ್ಪಿಸಿ ಬದುಕುವುದು ಎಷ್ಟು ಕೆಲಸದ ಮಾತು ಎಂಬುದು ನಗರದಲ್ಲಿ ತಿಳಿಯುವುದಿಲ್ಲ. ನಗರದಲ್ಲಾದರೆ ಫೋನ್ ತೆಗೆಯದಿದ್ದರಾಯಿತು.

ಪಿಟೀಲಿನ ಎಡಗೈ:

ನಾನು ಇಪ್ಪತ್ತು ವರ್ಷಗಳಿಂದ ಪಿಟೀಲು ಅಭ್ಯಾಸ ಮಾಡುತ್ತಿದ್ದೇನೆ, ಚೌಡಯ್ಯನವರ ಊರಾದ ತಿರುಮಕೂಡಲು ನರಸೀಪುರದ ಕಡೆಯವಳು. ಆದ್ದರಿಂದ ನನ್ನ ಕಣ್ಣು ಮೊದಲಿನಿಂದಲೂ ಆ ಕೈಗಳ ಮೇಲೆಯೇ ಇತ್ತು. ಕಾಲಮ್ ಕತ್ತರಿಸುವುದು ಎಡಗೈಯ ಬೆರಳುಗಳನ್ನು. ಬಲಗೈ ಕಮಾನು ಎಳೆಯುತ್ತದೆ, ಸ್ವರ ಹುಟ್ಟಿಸುವುದು ಎಡಗೈ. ಬೆಳಿಗ್ಗೆ ಎರಡು ಗಂಟೆ ಸಾಧನೆ ಮಾಡಿ ಎದ್ದಾಗ ನನ್ನ ತೋರುಬೆರಳಿನ ತುದಿಯಲ್ಲಿ ತಂತಿಯ ಗೆರೆ ಕೂತಿರುತ್ತದೆ, ತರಕಾರಿ ಹೆಚ್ಚುವಾಗ ಚಾಕು ಆ ಗೆರೆಯ ಹತ್ತಿರ ಬಂದರೂ ಜೀವ ಝಲ್ಲೆನ್ನುತ್ತದೆ. ಆದ್ದರಿಂದ ನಾನು ನಗಲಿಲ್ಲ, ಎದ್ದುಹೋಗಲೂ ಇಲ್ಲ.

ಒಂದು ಸೂಕ್ಷ್ಮವನ್ನು ಯಾರೂ ಗಮನಿಸಿಲ್ಲ. ಮೊದಲ ಬೆರಳು ಹೋದ ಮೇಲೂ ಅವನು ನುಡಿಸುತ್ತಾನೆ. ಉಳಿದ ನಾಲ್ಕನ್ನೂ ಕತ್ತರಿಸುವುದು ತನ್ನ ಮಟ್ಟು ಪೂರ್ತಿಯಾಗಿ, ಅದಕ್ಕೆ ಹೆಸರನ್ನೂ ಇಟ್ಟ ಮೇಲೆ. ಸಂಗೀತಕ್ಕಾಗಿ ಗೆಳೆಯನನ್ನು ಬಿಟ್ಟವನು ಸಂಗೀತವನ್ನೇ ಬಿಟ್ಟನಲ್ಲ, ಇದು ಅಸಂಗತ ಎಂದು ಹಲವರು ಬರೆದದ್ದನ್ನು ಓದಿದ್ದೇನೆ. ನನಗೆ ಹಾಗೆ ಕಾಣಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಮಟ್ಟು, ಅದು ಸಿಕ್ಕಿತು. ಆ ಮಟ್ಟನ್ನು ಗ್ಲೀಸನ್ ಅವರೇ ರಚಿಸಿದ್ದಾರೆ, ತೆರೆಯ ಮೇಲೆ ನುಡಿಸುವುದೂ ಅವರೇ. ಹಿಡಿತ ಸುಳ್ಳಲ್ಲವೆಂಬುದು ನೋಡಿದರೇ ತಿಳಿಯುತ್ತದೆ.

ಬ್ಯಾನ್ಶೀ ಎಂದರೆ ಮನೆಯಲ್ಲಿ ಸಾವು ಬರುವ ಮುಂಚೆ ಗೋಳಾಡುವ ಐರಿಷ್ ಜನಪದದ ಹೆಣ್ಣುಶಕ್ತಿ, ನಮ್ಮಲ್ಲಿ ನಸುಕಿನಲ್ಲಿ ಹಾಲಕ್ಕಿ ನುಡಿಯಿತೆಂದು ಬುಡುಬುಡಿಕೆಯವನು ಬಾಗಿಲಲ್ಲಿ ನಿಂತು ಹೇಳುವಂತೆ. ಈಗ ಅವು ಗೋಳಾಡುವುದಿಲ್ಲ, ಸುಮ್ಮನೆ ಕುಳಿತು ವಿನೋದದಿಂದ ನೋಡುತ್ತವೆ ಎಂಬರ್ಥದ ಮಾತನ್ನು ಕಾಲಮ್ ಆಡುತ್ತಾನೆ. ಪ್ರಶ್ನೆ ಕೇಳಿದವರ ತಾರಸಿಯ ಮೇಲೆ ಚಾಪೆಯಲ್ಲಿದ್ದ ಹುಡುಗರು ಮಾಡಿದ್ದು ಅದನ್ನೇ. ತಾಯಿಯವರು ಮಾಡಿದ್ದು ಹಳೆಯ ಬ್ಯಾನ್ಶೀಯ ಕೆಲಸ.

ಕುವೆಂಪುನಗರದ ಪ್ರೇಕ್ಷಕ:

ಎಲ್ಲರಿಗೂ ಕೃತಜ್ಞತೆಗಳು. ಕೊನೆಯ ಉತ್ತರವನ್ನು ತಾಯಿಯವರಿಗೆ ಓದಿ ಹೇಳಿದೆ. ತಮ್ಮನ್ನು ದೆವ್ವಕ್ಕೆ ಹೋಲಿಸಿದ್ದಕ್ಕೆ ಬೇಸರವಿಲ್ಲವಂತೆ, ಆದರೆ ಕಾಲಮ್‌ನ ನಾಯಿ ಏನಾಯಿತೆಂದು ಕೇಳಿದರು, ಏಕೆಂದರೆ ಅಷ್ಟರಲ್ಲಿ ಅವರು ಟ್ಯಾಂಕಿನ ಬಳಿ ಇದ್ದರು. ಮನೆಗೆ ಬೆಂಕಿ ಇಡುವ ಮುಂಚೆ ಪಾಡ್ರಿಕ್ ಅದನ್ನು ಹೊರಗೆ ಕರೆತರುತ್ತಾನೆ, ಕೊನೆಗೆ ಕಡಲ ದಂಡೆಯಲ್ಲಿ ಕಾಲಮ್ ಅದಕ್ಕಾಗಿ ಧನ್ಯವಾದ ಹೇಳುತ್ತಾನೆ ಎಂದೆ. ಉಳಿದರ್ಧವನ್ನು ಹಾಗಾದರೆ ನೋಡುತ್ತೇನೆ, ಹುಡುಗರಿಲ್ಲದಾಗ ಹಾಕು ಎಂದಿದ್ದಾರೆ. ನಾಲೆಯ ಏರಿಯವರಿಗೆ ಅವರದೊಂದು ಪ್ರಶ್ನೆಯಿದೆ: ಆ ಹಿರಿಯರಿಬ್ಬರೂ ಈಗಲಾದರೂ ಮಾತನಾಡಿದರೇ?

ನಾಲೆಯ ಏರಿ:

ಇಲ್ಲ, ಅಮ್ಮನವರಿಗೆ ತಿಳಿಸಿ. ನಮ್ಮ ತಂದೆಯವರಿಗೆ ಮೊಣಕಾಲು ನೋವು ಬಂದ ಮೇಲೆ ಡೈರಿಗೆ ಹಾಲು ಹಾಕಲು ನಾನೇ ಹೋಗುತ್ತೇನೆ. ಆ ಹಿರಿಯರು ನನ್ನ ಜೊತೆ ಮಳೆ, ಕಬ್ಬು, ಫ್ಯಾಟು ಎಲ್ಲವನ್ನೂ ಮಾತನಾಡುತ್ತಾರೆ. ತಂದೆಯವರು ಏಕೆ ಬರುತ್ತಿಲ್ಲವೆಂದು ಇದುವರೆಗೆ ಕೇಳಿಲ್ಲ. ಸಾಲು ಸರಿದಾಗ ನನ್ನ ಕ್ಯಾನನ್ನು ಮಾತ್ರ ಅವರೇ ಮುಂದಕ್ಕೆ ತಳ್ಳುತ್ತಾರೆ.