ಮೇ ತಿಂಗಳ ಫ್ರಾಸ್ಟ್: ಮೂರು ಎಕರೆ ದ್ರಾಕ್ಷಿಯನ್ನು ಉಳಿಸಿಕೊಳ್ಳುವುದು ಹೇಗೆ?

ಸೆನೆಕಾ_ದಂಡೆ:
ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಸೀಮೆಯಲ್ಲಿ, ಸೆನೆಕಾ ಸರೋವರದಿಂದ ತುಸು ದೂರದ ಇಳಿಜಾರಿನಲ್ಲಿ ನಮ್ಮದು ಮೂರು ಎಕರೆ ರೀಸ್ಲಿಂಗ್ ದ್ರಾಕ್ಷಿ, ಪಕ್ಕದಲ್ಲಿ ಒಂದು ಸಾಲು ಸೇಬು. 2023ರ ಮೇ 18ರ ಬೆಳಗಿನ ಜಾವದ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟಿಸುವ ಚಳಿ) ಈ ಭಾಗದವರಿಗೆಲ್ಲ ನೆನಪಿದೆ. ಅಂದು ನಮ್ಮ ಕೆಳಗಿನ ಸಾಲುಗಳ ಕುಡಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು. ಮೇಲಿನ ಸಾಲುಗಳಿಗೆ ಏನೂ ಆಗಲಿಲ್ಲ. ಅದೇ ತಳಿ, ಅದೇ ವರ್ಷ ನೆಟ್ಟ ಬಳ್ಳಿ.

ಅಂಗಡಿಯವರು ಗಾಳಿಯಂತ್ರ (ತೋಟದಲ್ಲಿ ಗಾಳಿ ಬೀಸುವ ದೊಡ್ಡ ಫ್ಯಾನು) ಹಾಕಿಸಿ ಎನ್ನುತ್ತಾರೆ. ಅದರ ಬೆಲೆಗೆ ಒಂದು ಒಳ್ಳೆಯ ಕಾರು ಬರುತ್ತದೆ. ದಾವಣಗೆರೆಯಿಂದ ಮಾವನವರು ಫೋನ್ ಮಾಡಿದಾಗಲೆಲ್ಲ "ಹೊಗೆ ಹಾಕಿ" ಎನ್ನುತ್ತಾರೆ. ನೀರಿಗೆ ಇರುವುದು ಮನೆಯ ಬೋರ್‌ವೆಲ್ ಮಾತ್ರ. ನಿಜವಾಗಿ ಕೆಲಸಕ್ಕೆ ಬರುವುದು ಯಾವುದು? ದೇವರಿಗೆ ಹರಕೆ ಹೊತ್ತುಕೊಳ್ಳಿ ಎನ್ನುವವರು ದಯವಿಟ್ಟು ಬರೆಯಬೇಡಿ, ಆ ವಿಭಾಗವನ್ನು ಅತ್ತೆಯವರು ನೋಡಿಕೊಳ್ಳುತ್ತಿದ್ದಾರೆ.

ತಿಕೋಟಾ_ತೋಟ:
ಅಕ್ಕನವರೇ, ನಮ್ಮ ವಿಜಯಪುರದ ಕಡೆ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ನಮಗೆ ಅಕಾಲದ ಮಳೆ, ಆಲಿಕಲ್ಲು ಮತ್ತು ಡೌನಿ ಎಂಬ ಬೂಜು ರೋಗದ ಕಾಟ. ಆದರೆ ನಾಸಿಕ್ ಜಿಲ್ಲೆಯ ನಿಫಾಡ್‌ನಲ್ಲಿ ನಮ್ಮ ಬೀಗರ ತೋಟವಿದೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಚಳಿ ಏರಿದರೆ ಬೆಳಗಿನ ಜಾವ ಡ್ರಿಪ್ ಬಿಡುತ್ತಾರೆ, ಸಾಲುಗಳ ನಡುವೆ ಅಲ್ಲಲ್ಲಿ ಬೆಂಕಿ ಹಾಕುತ್ತಾರೆ. ಬೋರ್‌ವೆಲ್ ನೀರು ಬೆಚ್ಚಗಿರುವುದರಿಂದ ನೆಲಕ್ಕೆ ಸ್ವಲ್ಪ ಕಾವು ಸಿಗುತ್ತದೆ. ಅಲ್ಲಿ ಪೆಟ್ಟು ಬೀಳುವುದು ಗೊನೆಗೆ, ನಿಮ್ಮಲ್ಲಿ ಚಿಗುರಿಗೆ. ಚಾಟ್ನಿಯನ್ನೇ (ಬಳ್ಳಿಯ ಕಡ್ಡಿ ಕತ್ತರಿಸುವುದನ್ನೇ) ತಡವಾಗಿ ಮಾಡಿದರೆ ಆಗುವುದಿಲ್ಲವೇ? ನಾವು ಮಳೆ ನೋಡಿಕೊಂಡು ಅಕ್ಟೋಬರ್ ಚಾಟ್ನಿಯನ್ನು ಹಿಂದೆ ಮುಂದೆ ಮಾಡುತ್ತೇವೆ.

ಶಾಬ್ಲಿಯಲ್ಲಿ_ಹಾಸನದವ:
ನಾನು ಫ್ರಾನ್ಸಿನ ಶಾಬ್ಲಿಯಲ್ಲಿ ದ್ರಾಕ್ಷಿ ತೋಟದ ಕೆಲಸದಲ್ಲಿದ್ದೇನೆ. ಇಲ್ಲಿ ಏಪ್ರಿಲ್ ಬಂದರೆ ಯಾರೂ ನೆಮ್ಮದಿಯಾಗಿ ಮಲಗುವುದಿಲ್ಲ. 2021ರ ಮಾರ್ಚ್ ಕೊನೆಯಲ್ಲಿ ಬೇಸಿಗೆಯಂಥ ಬಿಸಿಲು ಬಿದ್ದು ಮೊಗ್ಗೆಲ್ಲ ಒಡೆದವು. ಏಪ್ರಿಲ್ ಮೊದಲ ವಾರದಲ್ಲಿ ಫ್ರಾಸ್ಟ್ ಬಂದು ದೇಶದುದ್ದಕ್ಕೂ ಚಿಗುರು ಸುಟ್ಟುಹೋಯಿತು.

ಮೊದಲು ಹೊಗೆಯ ವಿಚಾರ ಮುಗಿಸೋಣ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಕಾವು ಆಕಾಶಕ್ಕೆ ಹೋಗುತ್ತದೆ. ಹೊಗೆಯ ಕಣ ತೀರಾ ಸಣ್ಣದು, ಆ ಕಾವನ್ನು ಅದು ತಡೆಯುವುದಿಲ್ಲ. ಉಪಯೋಗಕ್ಕೆ ಬರುವುದು ಬೆಂಕಿಯ ಶಾಖ. ಅದೂ ಒಂದೇ ದೊಡ್ಡ ರಾಶಿಗೆ ಬೆಂಕಿ ಹಚ್ಚಿದರೆ ಬಿಸಿ ಗಾಳಿ ನೇರ ಮೇಲಕ್ಕೆ ಹೋಗಿ ವ್ಯರ್ಥ. ಅದಕ್ಕೇ ಇಲ್ಲಿ ಪ್ಯಾರಾಫಿನ್ ಮೇಣ ತುಂಬಿದ ಡಬ್ಬಿಗಳನ್ನು ಹೆಕ್ಟೇರಿಗೆ ಮುನ್ನೂರು, ನಾನ್ನೂರರಂತೆ ಸಾಲಿನಲ್ಲಿ ಇಟ್ಟು ಹಚ್ಚುತ್ತಾರೆ. ನೋಡಲು ದೀಪೋತ್ಸವ, ಬಿಲ್ಲು ನೋಡಿದರೆ ಎದೆ ಝಲ್ಲೆನ್ನುತ್ತದೆ. ಟೈರ್ ಸುಡುವ ಯೋಚನೆ ಬೇಡ, ನಿಮ್ಮ ರಾಜ್ಯದಲ್ಲಿ ಅದು ಅಪರಾಧ.

ನೀರು ಸಿಂಪಡಿಸುವುದು ನಾನು ಕಂಡ ಅತ್ಯುತ್ತಮ ಉಪಾಯ. ನೀರು ಮಂಜುಗಡ್ಡೆಯಾಗುವಾಗ ಒಂದು ಗ್ರಾಮಿಗೆ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತದೆ. ಹೊಸ ನೀರು ಬೀಳುತ್ತಲೇ ಇದ್ದರೆ ಗಡ್ಡೆಯೊಳಗಿನ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿ: ಗಡ್ಡೆ ಗಾಜಿನಷ್ಟು ತಿಳಿಯಾಗಿದ್ದು ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸರಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ನಡುವೆ ಪಂಪು ನಿಂತರೆ ಸಿಂಪಡಿಸದೇ ಇದ್ದುದಕ್ಕಿಂತ ಹೆಚ್ಚು ಹಾನಿ, ಏಕೆಂದರೆ ಆವಿಯಾಗುವ ನೀರು ಚಿಗುರಿನ ಶಾಖವನ್ನೇ ಎಳೆದುಕೊಳ್ಳುತ್ತದೆ. ಈಗ ಲೆಕ್ಕ ಹಾಕಿ. ಗಂಟೆಗೆ 3 ಮಿಲಿಮೀಟರ್ ಎಂದರೂ ಎಕರೆಗೆ ಗಂಟೆಗೆ ಸುಮಾರು 12,000 ಲೀಟರ್. ಮೂರು ಎಕರೆ, ಎಂಟು ಗಂಟೆ: ಹತ್ತಿರ ಹತ್ತಿರ ಮೂರು ಲಕ್ಷ ಲೀಟರ್. ಮನೆಯ ಬೋರ್‌ವೆಲ್‌ನಿಂದ ಆಗುವ ಮಾತಲ್ಲ.

ಗಾಳಿಯಂತ್ರ ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಮೇಲೆ ಬೆಚ್ಚನೆಯ ಪದರ ಇದ್ದರೆ ಮಾತ್ರ ಅದರಿಂದ ಲಾಭ, ಶೀತಗಾಳಿ ಬೀಸುವ ರಾತ್ರಿ ಅದು ದಂಡ. ಒಂದು ಯಂತ್ರ ಸುಮಾರು ಹತ್ತು ಎಕರೆಗೆ ಸಾಕಾಗುತ್ತದೆ. ಮೂರು ಎಕರೆಗೆ ಒಬ್ಬರೇ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಪಕ್ಕದವರು ಪಾಲಿಗೆ ಬರುತ್ತಾರೆಯೇ ಕೇಳಿ.

ಆದರೆ ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಸುಳಿವಿದೆ: ಕೆಳಗಿನ ಸಾಲು ಹೋಯಿತು, ಮೇಲಿನದು ಉಳಿಯಿತು. ತಣ್ಣನೆಯ ಗಾಳಿ ಭಾರ, ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತೋಟದ ಕೆಳಗಿನ ಅಂಚಿನಲ್ಲಿ ಏನಿದೆ?

ಸೆನೆಕಾ_ದಂಡೆ:
ದಟ್ಟವಾದ ಸೀಡರ್ ಬೇಲಿ. ನೆಲಕ್ಕೆ ತಾಗುವಷ್ಟು ಕೊಂಬೆಗಳು. ರಸ್ತೆ ಕಾಣದಿರಲಿ ಎಂದು ಹಿಂದಿನ ಮಾಲೀಕರು ಬೆಳೆಸಿದ್ದು.

ಶಾಬ್ಲಿಯಲ್ಲಿ_ಹಾಸನದವ:
ಹಾಗಾದರೆ ಅದೇ ನಿಮ್ಮ ಅಣೆಕಟ್ಟು. ಆಳೆತ್ತರದವರೆಗೆ ಕೆಳಗಿನ ಕೊಂಬೆಗಳನ್ನು ತೆಗೆಸಿ, ಅತಿ ತಗ್ಗಿನ ಕಡೆ ಒಂದೆರಡು ಮರಗಳನ್ನೇ ಕಡಿಸಿ ದಾರಿ ಬಿಡಿಸಿ. ಖರ್ಚು ಮಾಡುವ ಮುನ್ನ ಕನಿಷ್ಠ ಉಷ್ಣತೆ ದಾಖಲಿಸುವ ಥರ್ಮಾಮೀಟರ್‌ಗಳನ್ನು ಮೇಲೆ, ನಡುವೆ, ಕೆಳಗೆ ಕುಡಿಯ ಎತ್ತರಕ್ಕೆ ಕಟ್ಟಿ, ತಿಳಿಯಾದ ರಾತ್ರಿಗಳಲ್ಲಿ ವ್ಯತ್ಯಾಸ ನೋಡಿ. ಸಾಲಿನ ನಡುವಿನ ಹುಲ್ಲನ್ನು ಏಪ್ರಿಲ್‌ನಿಂದಲೇ ಗಿಡ್ಡವಾಗಿ ಕತ್ತರಿಸಿಡಿ. ಬರಿಯ, ಒದ್ದೆ ನೆಲ ಹಗಲಿನ ಕಾವನ್ನು ಹಿಡಿದಿಡುತ್ತದೆ, ಎತ್ತರದ ಹುಲ್ಲಿನಲ್ಲಿ ಅದು ಆಗುವುದಿಲ್ಲ.

ತಿಕೋಟಾದವರು ಕೇಳಿದ್ದು ಸರಿಯಾದ ಪ್ರಶ್ನೆ. ಕಡ್ಡಿಯ ತುದಿಯ ಮೊಗ್ಗು ಮೊದಲು ಒಡೆಯುತ್ತದೆ, ಬುಡದ್ದು ತಡ. ಕೆಳಗಿನ ಸಾಲುಗಳಲ್ಲಿ ಕಡ್ಡಿಗಳನ್ನು ಉದ್ದವಾಗಿ ಬಿಟ್ಟು, ಅಪಾಯ ಕಳೆದ ಮೇಲೆ ಬೇಕಾದಷ್ಟಕ್ಕೆ ಕತ್ತರಿಸಿ. ವಾರದ ಮಟ್ಟಿಗೆ ಚಿಗುರು ಹಿಂದೆ ಬೀಳಬಹುದು. ಮೇ ತಿಂಗಳಲ್ಲಿ ಅಷ್ಟು ಸಾಕಾಗುವ ವರ್ಷಗಳೂ ಇವೆ.

ಸೆನೆಕಾ_ದಂಡೆ:
ಬೇಲಿಗೆ ಗರಗಸದವರನ್ನು ಕರೆಸುತ್ತೇನೆ. ರಸ್ತೆ ಕಾಣುತ್ತದೆ ಎಂದು ಯಜಮಾನರು ಗೊಣಗುತ್ತಾರೆ, ಗೊಣಗಲಿ. ಸೇಬಿಗೂ ಇದೇ ಸಾಕೇ?

ಶಾಬ್ಲಿಯಲ್ಲಿ_ಹಾಸನದವ:
ಸೇಬು ಹೂ ಪೂರ್ತಿ ಅರಳಿದಾಗ ಮೈನಸ್ 2.2 ಡಿಗ್ರಿಗೆ ಹತ್ತರಲ್ಲಿ ಒಂದು ಹೂ ಸಾಯುತ್ತದೆ, ಮೈನಸ್ 3.9ಕ್ಕೆ ಹತ್ತರಲ್ಲಿ ಒಂಬತ್ತು. ಹತ್ತರಲ್ಲಿ ಒಂದು ಹೋದರೆ ಹೆಚ್ಚಾದ ಕಾಯಿ ಕಿತ್ತು ವಿರಳ ಮಾಡುವ ಕೆಲಸ ಅಷ್ಟು ಕಡಿಮೆಯಾಯಿತು ಎಂದುಕೊಳ್ಳಿ. ಮರುದಿನ ಮಧ್ಯಾಹ್ನ ಕೆಲವು ಹೂಗಳನ್ನು ಬ್ಲೇಡಿನಿಂದ ಅಡ್ಡ ಸೀಳಿ: ನಡುವೆ ಹಸಿರಾಗಿದ್ದರೆ ಬದುಕಿದೆ, ಕಂದು ಬಣ್ಣವಾಗಿದ್ದರೆ ಹೋಯಿತು. ಒಂದೇ ಸಾಲಾದ್ದರಿಂದ ಪ್ಯಾರಾಫಿನ್ ಡಬ್ಬಿ ಅಲ್ಲಿಗೆ ನಿಭಾಯಿಸಬಹುದಾದ ಖರ್ಚು.